ಷೆರಿಫ್ ಕಚೇರಿ: ಯಾವ ಕೆಲಸಕ್ಕೆ ಯಾವ ವಿಭಾಗ?

ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಗೆ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಹೊಸದಾಗಿ ಬಂದು ನೆಲೆಸಿದ ಕನ್ನಡಿಗರು ತಮ್ಮ ಮನೆ ಯಾವ ಪೊಲೀಸರ ವ್ಯಾಪ್ತಿಗೆ ಸೇರಿದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಸ್ಯಾನ್ ಹೋಸೆ ನಗರಕ್ಕೆ ಸ್ವಂತ ಪೊಲೀಸ್ ಇಲಾಖೆಯಿದೆ. ಕ್ಯುಪರ್ಟಿನೊ, ಸಾರಟೋಗ, ಲಾಸ್ ಆಲ್ಟೋಸ್ ಹಿಲ್ಸ್ ಊರುಗಳು ಮಾತ್ರ ಸ್ವಂತ ಪೊಲೀಸರನ್ನು ಇಟ್ಟುಕೊಳ್ಳದೆ, ಕೌಂಟಿಯ ಪೊಲೀಸ್ ಮುಖ್ಯಸ್ಥರಾದ ಷೆರಿಫರ ಕಚೇರಿಗೆ ಹಣ ಕೊಟ್ಟು ಒಪ್ಪಂದದ ಮೇಲೆ ಗಸ್ತಿನ ವ್ಯವಸ್ಥೆ ಮಾಡಿಕೊಂಡಿವೆ. ಯಾವ ನಗರದ ಎಲ್ಲೆಗೂ ಸೇರದ ಗುಡ್ಡಗಾಡಿನ ಹೊಣೆಯೂ ಷೆರಿಫರದೇ. ಪ್ರಾಣಾಪಾಯವಿದ್ದಾಗ ಈ ಲೆಕ್ಕಾಚಾರ ಬೇಡ. 911ಕ್ಕೆ ಕರೆ ಮಾಡಿ, ಎಲ್ಲಿದ್ದೀರಿ ಎಂಬುದನ್ನು ಮೊದಲು ಹೇಳಿ.

ಮುಂಬೈ ಷೆರಿಫ್ ಎಂಬ ಗೌರವ ಹುದ್ದೆಯನ್ನು ಕೇಳಿ ಬಲ್ಲವರು ಆ ಕಲ್ಪನೆಯನ್ನು ಇಲ್ಲಿಗೆ ತರಬಾರದು. ನಮ್ಮ ಜಿಲ್ಲೆಯ ಎಸ್‌ಪಿಯವರಿಗೂ ಇಲ್ಲಿನ ಷೆರಿಫರಿಗೂ ಹೋಲಿಕೆ ಅರ್ಧದಷ್ಟೇ ಸರಿ: ಎಸ್‌ಪಿಯನ್ನು ಸರ್ಕಾರ ನೇಮಿಸುತ್ತದೆ, ವರ್ಗಾಯಿಸುತ್ತದೆ; ಕ್ಯಾಲಿಫೋರ್ನಿಯಾದ ಷೆರಿಫರನ್ನು ಕೌಂಟಿಯ ಮತದಾರರೇ ಆರಿಸುತ್ತಾರೆ. ಕಚೇರಿಯ ಬಜೆಟ್ಟು ಮಾತ್ರ ಕೌಂಟಿಯ ಆಡಳಿತ ನಡೆಸುವ ಸೂಪರ್‌ವೈಸರ್ ಮಂಡಳಿಯ ಕೈಯಲ್ಲಿರುತ್ತದೆ. ಷೆರಿಫರ ಕೆಳಗೆ ಅಂಡರ್‌ಷೆರಿಫ್, ಅನಂತರ ಕ್ಯಾಪ್ಟನ್, ಲೆಫ್ಟಿನೆಂಟ್, ಸಾರ್ಜೆಂಟ್ ಮತ್ತು ಡೆಪ್ಯುಟಿಗಳಿದ್ದಾರೆ. ನಿಮ್ಮ ಮನೆ ಬಾಗಿಲಿಗೆ ಬರುವವರು ಬಹುಮಟ್ಟಿಗೆ ಡೆಪ್ಯುಟಿಗಳೇ.

ಸಾಮಾನ್ಯರಿಗೆ ಹೆಚ್ಚು ಬೇಕಾಗುವುದೂ, ಅವರಿಗೆ ಕಡಿಮೆ ಗೊತ್ತಿರುವುದೂ ಸಿವಿಲ್ ವಿಭಾಗ. ನಮ್ಮಲ್ಲಿ ನ್ಯಾಯಾಲಯದ ಅಮೀನರು ಮಾಡುವ ಕೆಲಸ ಇಲ್ಲಿ ಇವರ ಪಾಲಿಗೆ ಬಂದಿದೆ. ಮನೆ ಖಾಲಿ ಮಾಡಿದ ಮೇಲೆ ಮಾಲೀಕರು ಠೇವಣಿ ಹಿಂದಿರುಗಿಸಲಿಲ್ಲ ಎಂದಿಟ್ಟುಕೊಳ್ಳಿ. 12,500 ಡಾಲರ್‌ವರೆಗಿನ ಮೊತ್ತಕ್ಕೆ ನೀವು ವಕೀಲರಿಲ್ಲದೆ ಸಣ್ಣ ವ್ಯಾಜ್ಯಗಳ ನ್ಯಾಯಾಲಯಕ್ಕೆ ಹೋಗಬಹುದು; ಆದರೆ ದಾವೆಯ ಕಾಗದವನ್ನು ಎದುರಾಳಿಗೆ ನೀವೇ ಕೊಡುವಂತಿಲ್ಲ. ಶುಲ್ಕ ಕಟ್ಟಿ ಆ ಜಾರಿ ಕೆಲಸವನ್ನು ಷೆರಿಫ್ ಕಚೇರಿಗೆ ಒಪ್ಪಿಸಬಹುದು. ಎದುರಾಳಿ ಅದೇ ಕೌಂಟಿಯವರಾದರೆ ವಿಚಾರಣೆಗೆ ಕನಿಷ್ಠ 15 ದಿನ ಮುಂಚೆ, ಬೇರೆ ಕೌಂಟಿಯವರಾದರೆ 20 ದಿನ ಮುಂಚೆ ಕಾಗದ ಅವರ ಕೈ ಸೇರಿರಬೇಕಾದ್ದರಿಂದ ಕೊನೆಯ ವಾರಕ್ಕೆ ಉಳಿಸಿಕೊಳ್ಳಬೇಡಿ. ಗೆದ್ದ ಮೇಲೂ ಹಣ ಬಾರದಿದ್ದರೆ ನ್ಯಾಯಾಲಯದಿಂದ ವಸೂಲಿ ಆದೇಶ ಪಡೆದು, ಎದುರಾಳಿಯ ಬ್ಯಾಂಕ್ ಯಾವುದು, ಅವರು ಎಲ್ಲಿ ಕೆಲಸ ಮಾಡುತ್ತಾರೆ ಎಂಬ ವಿವರವನ್ನು ಲಿಖಿತ ಸೂಚನೆಯೊಂದಿಗೆ ಇದೇ ವಿಭಾಗಕ್ಕೆ ಕೊಡಬೇಕು. ಅದನ್ನು ಹುಡುಕುವ ಕೆಲಸ ನಿಮ್ಮದೇ ಹೊರತು ಡೆಪ್ಯುಟಿಗಳದಲ್ಲ.

ಬಾಡಿಗೆದಾರರು ಇನ್ನೊಂದನ್ನು ಗಮನದಲ್ಲಿಡಬೇಕು. ಮಾಲೀಕರು ತಾವಾಗಿಯೇ ಬೀಗ ಬದಲಿಸಿ ನಿಮ್ಮನ್ನು ಹೊರಹಾಕುವಂತಿಲ್ಲ. ನ್ಯಾಯಾಲಯದ ಆದೇಶದ ಮೇಲೆ ಷೆರಿಫ್ ಕಚೇರಿಯು ಐದು ದಿನಗಳ ನೋಟಿಸ್ ಕೊಟ್ಟ ಬಳಿಕವಷ್ಟೇ ಮನೆ ಬಿಡಿಸಲು ಸಾಧ್ಯ.

ಬಂಧಿತರನ್ನು ಇರಿಸುವ ಕೌಂಟಿ ಜೈಲುಗಳೂ (ಮಿಲ್ಪಿಟಾಸ್‌ನ ಎಲ್ಮ್‌ವುಡ್ ಅವುಗಳಲ್ಲೊಂದು) ನ್ಯಾಯಾಲಯಗಳ ಭದ್ರತೆಯೂ ಷೆರಿಫರ ಹೊಣೆ. ದೀರ್ಘ ಶಿಕ್ಷೆಯವರಿರುವ ರಾಜ್ಯದ ಸೆರೆಮನೆಗಳು ಬೇರೆ ಇಲಾಖೆಯವು.

ಜ್ಯೂರಿ ಕರೆಗೆ (ಮೊಕದ್ದಮೆಯ ತೀರ್ಪುಗಾರರಾಗಿ ಕೂರಲು ನಾಗರಿಕರಿಗೆ ನ್ಯಾಯಾಲಯ ಕಳಿಸುವ ಕರೆ) ನೀವು ಹಾಜರಾಗಲಿಲ್ಲ, ವಾರಂಟ್ ಹೊರಟಿದೆ, ಗಿಫ್ಟ್ ಕಾರ್ಡ್‌ನಲ್ಲಿ ದಂಡ ಕಟ್ಟಿ ಎಂದು ಡೆಪ್ಯುಟಿಯ ಹೆಸರಿನಲ್ಲಿ ಫೋನ್ ಬಂದರೆ ಅದು ವಂಚನೆ. ಷೆರಿಫ್ ಕಚೇರಿ ಹಾಗೆ ಹಣ ಕೇಳುವುದಿಲ್ಲ. ಕರೆ ಕತ್ತರಿಸಿ, ಕಚೇರಿಯ ಅಧಿಕೃತ ಜಾಲತಾಣದಲ್ಲಿರುವ ಸಂಖ್ಯೆಗೆ ನೀವೇ ಕರೆ ಮಾಡಿ ವಿಚಾರಿಸಿ.