ಗಾಬರಿಯನ್ನು ನಾನೇ ಬರಿಸಿಕೊಂಡೆ

ಪ್ಯಾನಿಕ್ ಅಟ್ಯಾಕ್ ಬಾರದಂತೆ ನೋಡಿಕೊಳ್ಳುವುದನ್ನು ಬಿಟ್ಟು, ದಿನವೂ ಬೇಕೆಂದೇ ಬರಿಸಿಕೊಳ್ಳುತ್ತೇನೆ ಎಂದಾಗ ಮನೆಯಲ್ಲಿ ಯಾರೂ ಒಪ್ಪಲಿಲ್ಲ. "ಬೆಂಕಿ ಆರಿಸುವುದಕ್ಕೆ ಸೀಮೆಎಣ್ಣೆ ತರುತ್ತೇನೆ ಅನ್ನುತ್ತೀಯಲ್ಲ ಮಾರಾಯ" ಎಂದರು ಭಾವ. ಮಾತ್ರೆ ಬರೆದುಕೊಡುತ್ತಿದ್ದ ವೈದ್ಯರೊಬ್ಬರು ಕೂಡ "ಇಲ್ಲದ ಉಸಾಬರಿ ಯಾಕೆ" ಎಂದಿದ್ದರು. ಅದಾಗಿ ಮೂರು ವರ್ಷದ ಹತ್ತಿರ ಬಂತು. ಈಗ ಆಗುಂಬೆ ಘಾಟಿಯ 14 ತಿರುವುಗಳನ್ನೂ ಮಿನಿ ಬಸ್ಸಿನ ಕೊನೆಯ ಸೀಟಿನಲ್ಲಿ ಕುಳಿತೇ ಇಳಿಯುತ್ತೇನೆ. ಹಾಗಾಗಿ ಈ ವಿಷಯದಲ್ಲಿ ನಾಲ್ಕು ಮಾತು ಬರೆಯುವ ಹಕ್ಕು ನನಗೂ ಇದೆ.

ಎದೆ ಢವಢವ, ಬೆರಳು ಜುಮ್ಮೆನ್ನುವುದು, ಈಗಲೇ ಜೀವ ಹೋಯಿತು ಅನ್ನಿಸುವುದು, ಇದನ್ನೆಲ್ಲ ವಿವರಿಸುವುದಿಲ್ಲ. ಬಂದವರಿಗೆ ಗೊತ್ತು, ಬಾರದವರಿಗೆ ಹೇಳಿ ಪ್ರಯೋಜನವಿಲ್ಲ. ನಾನು ಶಿವಮೊಗ್ಗದಲ್ಲಿ ಅಡಿಕೆ ಮಂಡಿಯ ಲೆಕ್ಕ ಬರೆಯುವವನು, ನೇರವಾಗಿ ಖರ್ಚಿಗೆ ಬರುತ್ತೇನೆ.

ಮೊದಲ ವರ್ಷದ ದುಡ್ಡೆಲ್ಲ ಹೃದಯಕ್ಕೆ ಹೋಯಿತು. ಇಸಿಜಿ ಎಷ್ಟು ಸಲ ತೆಗೆಸಿದೆನೋ ಲೆಕ್ಕವಿಲ್ಲ. ಎಕೋ, ಟ್ರೆಡ್‌ಮಿಲ್ ಪರೀಕ್ಷೆ, ಥೈರಾಯ್ಡ್, ಕೊನೆಗೆ ಇದು ಗ್ಯಾಸ್ಟ್ರಿಕ್ ಇರಬಹುದೆಂದು ಎಂಡೋಸ್ಕೋಪಿ. ಎಲ್ಲ ಸೇರಿ ನಲವತ್ತು ಸಾವಿರ ದಾಟಿತು. ಒಂದು ಸಲ ಪರೀಕ್ಷೆ ಮಾಡಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಥೈರಾಯ್ಡ್ ಹೆಚ್ಚಾದರೂ ರಕ್ತ ಕಡಿಮೆಯಾದರೂ ಎದೆ ಹೀಗೆಯೇ ಹೊಡೆದುಕೊಳ್ಳುತ್ತದೆ. ಆದರೆ ವರದಿ ಸರಿ ಇದೆ ಎಂದು ಗೊತ್ತಾದ ಮೇಲೂ ಮತ್ತೆ ಮತ್ತೆ ಮಾಡಿಸಿದ್ದು ಕೇವಲ ಎರಡು ವಾರದ ನೆಮ್ಮದಿಗೆ. ಆಮೇಲೆ ಅತ್ತೆಯವರ ಸಮಾಧಾನಕ್ಕೆಂದು ಸಾಡೇಸಾತಿಯ ಶಾಂತಿ ಹೋಮ, ಹತ್ತು ಹನ್ನೆರಡು ಸಾವಿರ. "ಏಳು ದಿನದಲ್ಲಿ ಆತಂಕದಿಂದ ಮುಕ್ತಿ" ಎಂಬ ಆನ್‌ಲೈನ್ ತರಗತಿಗೆ ಹತ್ತು ಸಾವಿರಕ್ಕೆ ಒಂದು ರೂಪಾಯಿ ಕಡಿಮೆ. ಎಂಟನೆಯ ದಿನ ಬಸ್ ನಿಲ್ದಾಣದಲ್ಲಿ ಮತ್ತೆ ಬಂತು.

ಎಲ್ಲಕ್ಕಿಂತ ದುಬಾರಿಯಾದದ್ದು ಆರು ಸಾವಿರದ ಸ್ಮಾರ್ಟ್ ವಾಚ್. ಅದು ಮಣಿಕಟ್ಟಿಗೆ ಬಂದ ದಿನದಿಂದ ನಾಡಿಬಡಿತ ನೋಡುವುದೇ ಉದ್ಯೋಗವಾಯಿತು. 92 ಕಂಡರೆ ಹೆದರಿಕೆ, ಹೆದರಿದ್ದಕ್ಕೆ 110, ಅದನ್ನು ಕಂಡು ಇನ್ನಷ್ಟು ಹೆದರಿಕೆ. ಜೊತೆಗೆ ಕೊರೋನಾ ಕಾಲದ ಆಕ್ಸಿಮೀಟರ್ ಒಂದು ಜೇಬಿನಲ್ಲಿ ಇದ್ದೇ ಇರುತ್ತಿತ್ತು. ಒಮ್ಮೆ ಭಾವನನ್ನೂ ಕರೆದುಕೊಂಡು ಮಂಡಿಯ ಮೆಟ್ಟಿಲನ್ನು ಮೂರು ಮಹಡಿ ಹತ್ತಿ ಇಬ್ಬರ ಬೆರಳಿಗೂ ಆಕ್ಸಿಮೀಟರ್ ಸಿಕ್ಕಿಸಿದೆ. ನನ್ನ ನಾಡಿಬಡಿತ 120ರ ಆಸುಪಾಸು, ಅವರದು 135. ಅವರು ಮೀಸೆ ಒರೆಸಿಕೊಂಡು ಎಲೆಯಡಿಕೆ ಹಾಕಿಕೊಂಡರು. ನಾನು ಕುಳಿತು ಬೆವರುತ್ತಿದ್ದೆ. ಹೃದಯದ ಓಟ ನನ್ನ ಸಮಸ್ಯೆಯೇ ಅಲ್ಲ, ಆ ಓಟಕ್ಕೆ ನಾನು ಕೊಡುತ್ತಿದ್ದ ಅರ್ಥವೇ ಸಮಸ್ಯೆ ಎಂದು ತಲೆಗೆ ಹೋದದ್ದು ಆವತ್ತು. ವಾಚನ್ನು ಅರ್ಧ ಬೆಲೆಗೆ ಮಾರಿದೆ.

ಆಮೇಲೆ ಸಿಕ್ಕಿದವರು ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್. ಒಂದು ಸಲಕ್ಕೆ ಏಳುನೂರೋ ಎಂಟುನೂರೋ, ಹತ್ತು ಹನ್ನೆರಡು ಸಲ ಹೋಗಿರಬಹುದು. ದುಡ್ಡಿಲ್ಲದವರು 14416ಕ್ಕೆ ಕರೆ ಮಾಡಬಹುದು, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ಉಚಿತ, ಕನ್ನಡದಲ್ಲೇ ಮಾತನಾಡುತ್ತಾರೆ. 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು. ನನ್ನ ಹೋಮದ ಹೊತ್ತಿಗೆ ಅದು ಇರಲಿಲ್ಲ.

ಆ ಸೈಕಾಲಜಿಸ್ಟ್ ಹೇಳಿಕೊಟ್ಟದ್ದು ಸರಳ, ಮಾಡುವುದು ಕಷ್ಟ. ಯಾವ ಲಕ್ಷಣಕ್ಕೆ ಹೆದರುತ್ತೀರೋ ಅದನ್ನೇ ಮನೆಯಲ್ಲಿ ತಯಾರಿಸುವುದು. ಒಂದು ನಿಮಿಷ ಜೋರಾಗಿ ಉಸಿರಾಡಿದರೆ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು ಬೆರಳು ಜುಮ್ಮೆನ್ನುತ್ತದೆ, ತಲೆ ಹಗುರಾಗುತ್ತದೆ. ಕಚೇರಿಯ ತಿರುಗುವ ಕುರ್ಚಿಯಲ್ಲಿ ಗರಗರ ಸುತ್ತಿದರೆ ಬವಳಿ. ಮೂಗು ಹಿಡಿದುಕೊಂಡು ಹತ್ತು ರೂಪಾಯಿಯ ಜ್ಯೂಸ್ ಪೊಟ್ಟಣದ ಸ್ಟ್ರಾದಿಂದ ಮಾತ್ರ ಉಸಿರಾಡಿದರೆ ಉಸಿರು ಕಟ್ಟಿದಂತಾಗುತ್ತದೆ. ಅಸ್ತಮಾ, ಹೃದಯದ ತೊಂದರೆ, ಮೂರ್ಛೆ ರೋಗ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇದಕ್ಕೆ ಕೈ ಹಾಕಬಾರದು.

ಕುರ್ಚಿ ನನಗೆ ಏನೂ ಮಾಡಲಿಲ್ಲ, ಬರೀ ಓಕರಿಕೆ ಬಂತು. ಸ್ಟ್ರಾ ಮಾತ್ರ ಅಸಲಿ ಸರಕು. ಮೊದಲ ದಿನ ಹದಿನೈದು ಸೆಕೆಂಡಿಗೇ ಉಗುಳಿ ಹೊರಗೆ ಓಡಿದೆ. ಎರಡು ಮೂರು ವಾರ ಇದರಿಂದ ಗಾಬರಿ ಹೆಚ್ಚೇ ಆಯಿತು, ರಾತ್ರಿಯೂ ಬರತೊಡಗಿತು. ಹೆಚ್ಚಿನವರು ಬಿಡುವುದು ಇಲ್ಲಿಯೇ. ನಾನೂ ಬಿಡುತ್ತಿದ್ದೆನೋ ಏನೋ, ಪುಸ್ತಕ ನನ್ನನ್ನು ಉಳಿಸಿತು.

ಹಳೆಯ ಜಮಾಖರ್ಚಿನ ಪುಸ್ತಕದಲ್ಲಿ ಎಡಗಡೆ ಆಗಬಹುದೆಂದು ಹೆದರಿದ್ದು, ನೂರಕ್ಕೆ ಎಷ್ಟು ನಂಬಿಕೆ ಎಂಬ ಅಂಕ. ಬಲಗಡೆ ನಿಜವಾಗಿ ಆದದ್ದು. ಘಾಟಿಯ ಒಂದು ಪುಟ ಹೀಗಿದೆ. ಎಡಗಡೆ: "ಮೂರನೆಯ ತಿರುವಿನಲ್ಲಿ ಉಸಿರು ನಿಲ್ಲುತ್ತದೆ, ಕೂಗಿಕೊಂಡು ಬಸ್ ನಿಲ್ಲಿಸುತ್ತೇನೆ, 90." ಬಲಗಡೆ: "ಏಳನೆಯ ತಿರುವಿನವರೆಗೆ ಎದೆ ಹೊಡೆದುಕೊಂಡಿತು. ಪಕ್ಕದ ಹೆಂಗಸು ವಾಂತಿ ಮಾಡಿಕೊಂಡರು. ನಾನು ಕವರ್ ಕೊಟ್ಟೆ. ಬಸ್ ನಿಲ್ಲಲಿಲ್ಲ." ವರ್ಷದ ಕೊನೆಗೆ ಕೂಡಿ ನೋಡಿದರೆ ಎಡಗಡೆಯ ಒಂದೇ ಒಂದು ನಮೂದೂ ಬಲಗಡೆಗೆ ತಾಳೆಯಾಗಿರಲಿಲ್ಲ. ಇಷ್ಟು ಸುಳ್ಳು ಲೆಕ್ಕವನ್ನು ಮಂಡಿಯಲ್ಲಿ ಬರೆದಿದ್ದರೆ ಸಾಹುಕಾರರು ಸಂಜೆಯೊಳಗೆ ಮನೆಗೆ ಕಳುಹಿಸುತ್ತಿದ್ದರು.

ಇನ್ನು ಹೋದಲ್ಲೆಲ್ಲ ಹೊತ್ತೊಯ್ಯುತ್ತಿದ್ದ ಚೀಲದ ವಿಷಯ. ನೀರಿನ ಬಾಟಲಿ, ಜೀರಿಗೆ ಪೆಪ್ಪರಮೆಂಟು, ಆಕ್ಸಿಮೀಟರ್, ಗಾಬರಿ ಬಂದಾಗ ನಾಲಗೆಯಡಿ ಇಡುವ ಮಾತ್ರೆ ಕ್ಲೋನಾಜೆಪಾಮ್. ಇವು ಜೊತೆಯಲ್ಲಿರುವಷ್ಟು ದಿನ ಗೆದ್ದದ್ದೆಲ್ಲ ಚೀಲದ ಖಾತೆಗೇ ಜಮೆ. ಆ ಮಾತ್ರೆ ಕೆಲಸ ಶುರು ಮಾಡುವುದಕ್ಕೆ ಸುಮಾರು ಅರ್ಧ ಗಂಟೆ ಬೇಕು. ಗಾಬರಿ ಹತ್ತು ನಿಮಿಷದ ಒಳಗೆ ತುದಿಗೇರಿ ತಾನಾಗಿಯೇ ಇಳಿಯತೊಡಗುತ್ತದೆ. ನಾಲಗೆಯಡಿ ಇಟ್ಟ ಎರಡೇ ನಿಮಿಷಕ್ಕೆ ನನಗೆ ಹಗುರವಾಗುತ್ತಿದ್ದದ್ದು ಯಾವುದರಿಂದ ಎಂದು ನೀವೇ ಲೆಕ್ಕ ಹಾಕಿ. ಒಂದೊಂದನ್ನೇ ಮನೆಯಲ್ಲಿ ಬಿಟ್ಟು ಹೊರಟೆ. ಕೊನೆಯವರೆಗೂ ಜಗ್ಗಾಡಿದ್ದು ನೀರಿನ ಬಾಟಲಿ, ಮಾತ್ರೆಯಲ್ಲ!

ಮಾತ್ರೆಯ ಶತ್ರು ನಾನಲ್ಲ. ಆತಂಕಕ್ಕೆ ದಿನವೂ ನುಂಗುವ ಎಸಿಟಾಲೋಪ್ರಾಮ್ 10 ಮಿಲಿಗ್ರಾಂ ಒಂದೂವರೆ ವರ್ಷ ತೆಗೆದುಕೊಂಡೆ. ಅದು ಹಿಡಿಯುವುದಕ್ಕೆ ನಾಲ್ಕಾರು ವಾರ ಬೇಕಾಯಿತು, ಅದಿಲ್ಲದೆ ಸ್ಟ್ರಾ ಹಿಡಿಯುವ ಧೈರ್ಯವೂ ಬರುತ್ತಿರಲಿಲ್ಲ. ಬಿಟ್ಟದ್ದು ವೈದ್ಯರು ಹೇಳಿದಂತೆ, ತಿಂಗಳುಗಟ್ಟಲೆ ಇಳಿಸುತ್ತ. ಒಂದೇ ಸಲ ನಿಲ್ಲಿಸಿದವರ ತಲೆಸುತ್ತನ್ನು, ತಲೆಯೊಳಗೆ ಕರೆಂಟು ಹೊಡೆದಂತಾಗುವುದನ್ನು ಅವರ ಬಾಯಿಂದಲೇ ಕೇಳಿದ್ದೇನೆ.

ನಡುವೆ ಕಾಫಿಯ ಮೇಲೊಂದು ಪ್ರಯೋಗ ಮಾಡಿದೆ. ಎಲ್ಲರೂ ಬಿಡು ಎಂದಿದ್ದರಿಂದ ವರ್ಷವಿಡೀ ಕಷಾಯ ಕುಡಿದವನು ನಾನು. ಒಂದು ಭಾನುವಾರ ಗಟ್ಟಿ ಡಿಕಾಕ್ಷನ್ನಿನ ಎರಡು ಲೋಟ ಕುಡಿದು, ಸ್ಟ್ರಾ ಕಚ್ಚಿಕೊಂಡು ಕುಳಿತೆ. ಕೈ ನಡುಗಿತು, ಹೊಟ್ಟೆ ಉರಿಯಿತು, ಗಾಬರಿ ಬರಲೇ ಇಲ್ಲ. ಕರೆದರೂ ಬಾರದ ಸ್ಥಿತಿಗೆ ಅದು ಬಂದಿತ್ತು. ಈಗ ಬೆಳಿಗ್ಗೆ ಒಂದು ಲೋಟ ಖಾಯಂ. ಯೋಗದಲ್ಲಿ ಭ್ರಾಮರಿ ಪ್ರಾಣಾಯಾಮ ಚೆನ್ನಾಗಿ ಒಗ್ಗಿತು. ಶವಾಸನ ಮಾತ್ರ ಬೇಡ. ಅಲ್ಲಾಡದೆ ಮಲಗಿದರೆ ಎದೆಬಡಿತ ಕಿವಿಯಲ್ಲೇ ಕೇಳಿಸುತ್ತದೆ.

ರಾತ್ರಿ ಎರಡು ಗಂಟೆಗೆ ಬೆಚ್ಚಿ ಎದ್ದಾಗ ಗಾಬರಿಗೆ ನಾನು ಹೇಳುವ ಒಂದು ವಾಕ್ಯವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಸ್ವಲ್ಪ ಅಸಭ್ಯವಾಗಿದೆ, ಜೊತೆಗೆ ಇನ್ನೊಬ್ಬರ ಬಾಯಿಗೆ ಹೊಂದುವುದಿಲ್ಲ. ಹೆದರಿಕೆಯೊಂದಿಗೆ ಜಗಳ ಕಾಯುವ ಮಾತಲ್ಲ, ಅದನ್ನು ಇನ್ನೂ ಜೋರಾಗಿ ಬಾ ಎಂದು ಕೆಣಕುವ ಮಾತು ಎಂದಷ್ಟೇ ಹೇಳಬಲ್ಲೆ. ಘಾಟಿ ಏರುವಾಗ ಯಾವ ಸೀಟು ಹಿಡಿಯಬೇಕೆಂಬ ಗುಟ್ಟೂ ನನ್ನಲ್ಲೇ ಇರಲಿ, ಸೀಟುಗಳು ಮೊದಲೇ ಕಡಿಮೆ.

ಪೂರ್ತಿ ಹೋಯಿತೇ ಎಂದು ಕೇಳುತ್ತಾರೆ. ಇಲ್ಲ. ಅಡಿಕೆ ಸುಗ್ಗಿಯ ದಿನಗಳಲ್ಲಿ, ನಿದ್ದೆ ಕೆಟ್ಟಾಗ, ಆಗೊಮ್ಮೆ ಈಗೊಮ್ಮೆ ಬರುತ್ತದೆ. ಬಂದರೆ ಬೆಟ್ಟೆ, ರಾಶಿ, ಗೊರಬಲು ಎಂಬ ಅಡಿಕೆ ಬಗೆಗಳ ಲೆಕ್ಕ ಬರೆಯುತ್ತಲೇ ಇರುತ್ತೇನೆ, ಅಕ್ಷರ ಮಾತ್ರ ಸೊಟ್ಟಗಾಗುತ್ತದೆ. ಬಾಕಿ ಉಳಿದಿರುವುದು ಲಿಫ್ಟ್. ಅಭ್ಯಾಸಕ್ಕೆಂದು ಆಸ್ಪತ್ರೆಯೊಂದರ ಲಿಫ್ಟಿನಲ್ಲಿ ಮೇಲೆ ಕೆಳಗೆ ಓಡಾಡುತ್ತಿದ್ದೆ. ನಾಲ್ಕನೆಯ ದಿನವೋ ಐದನೆಯ ದಿನವೋ ಕಾವಲುಗಾರ "ನಿಮ್ಮ ಪೇಷಂಟ್ ಯಾವ ವಾರ್ಡಿನಲ್ಲಿದ್ದಾರೆ ಸ್ವಾಮಿ?" ಎಂದು ತಡೆದ. ಈಗ ಒಂದು ಸೀರೆ ಅಂಗಡಿಯ ಲಿಫ್ಟಿಗೆ ಬದಲಾಯಿಸಿದ್ದೇನೆ. ಅಲ್ಲಿ ಯಾರೂ ಕೇಳುವುದಿಲ್ಲ. ಆದರೆ ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹೋದ ದಿನ ಖರ್ಚು ಹೋಮಕ್ಕಿಂತ ಹೆಚ್ಚಾಯಿತು.