ತವಸಳಿ: ಕೆಳಗೂ ಬೆಂಕಿ, ಮೇಲೂ ಬೆಂಕಿ

ಬಳ್ಳಿಯಲ್ಲೇ ಬಲಿತು ಹಳದಿಗೆ ತಿರುಗಿದ ದಪ್ಪ ಸೌತೆಕಾಯಿ ಸಿಕ್ಕರೆ ಎಲ್ಲವನ್ನೂ ಸಾಂಬಾರಿಗೆ ಹೆಚ್ಚಿಬಿಡಬೇಡಿ. ಗೋವಾ, ಕಾರವಾರದ ಕಡೆಯ ಕೊಂಕಣಿ ಮನೆಗಳಲ್ಲಿ ಅದಕ್ಕೆ ಅಕ್ಕಿ ತರಿ, ಬೆಲ್ಲ, ತೆಂಗಿನಕಾಯಿ ಸೇರಿಸಿ ತವಸಳಿ ಎಂಬ ಸಿಹಿ ತಿಂಡಿ ಮಾಡುತ್ತಾರೆ. ಮೊಟ್ಟೆ, ಮೈದಾ ಬೇಕಿಲ್ಲ. ಹಬೆಯಲ್ಲಿ ಬೇಯಿಸುವವರೂ ಇದ್ದಾರೆ. ಆದರೆ ಅಂಚು ಕೆಂಪಗೆ ಗರಿಯಾಗಿ, ಬೆಲ್ಲ ಹದವಾಗಿ ಕಂದಿದ ಘಮ ಬರಬೇಕಾದರೆ ಸುಡಲೇಬೇಕು. ಹಿಂದೆ ಪಾತ್ರೆಯನ್ನು ಕೆಂಡದ ಮೇಲಿಟ್ಟು, ಮುಚ್ಚಳದ ಮೇಲೂ ಕೆಂಡ ಹರಡುತ್ತಿದ್ದರು. ತವಸಳಿ ಕೆಡುವುದು ಹೆಚ್ಚಾಗಿ ಎರಡು ಕಾರಣಕ್ಕೆ: ನೀರಿನ ಲೆಕ್ಕ ತಪ್ಪುತ್ತದೆ, ಇಲ್ಲವೇ ಮೇಲಿನ ಕಾವು ಸಾಲದು.

20 ಸೆಂ.ಮೀ. ಅಗಲದ ದಪ್ಪ ತಳದ ಪಾತ್ರೆಗೆ ಬೇಕಾದದ್ದು: ಸಿಪ್ಪೆ, ಬೀಜ ತೆಗೆದು ತುರಿದ ಸೌತೆಕಾಯಿ 600 ಗ್ರಾಂ, ಇಡ್ಲಿ ರವೆಯಷ್ಟು ದಪ್ಪದ ಅಕ್ಕಿ ತರಿ 250 ಗ್ರಾಂ, ಬೆಲ್ಲ 200 ಗ್ರಾಂ, ಕಾಯಿತುರಿ 100 ಗ್ರಾಂ, ತುಪ್ಪ 4 ದೊಡ್ಡ ಚಮಚ, ಏಲಕ್ಕಿ 6, ಉಪ್ಪು ಅರ್ಧ ಟೀ ಚಮಚ, ಒಂದು ಹಿಡಿ ಗೋಡಂಬಿ. ಸಣ್ಣ ರವೆ ಅಥವಾ ಅಕ್ಕಿ ಹಿಟ್ಟು ತಂದರೆ ಆಗದು. ಹಿಟ್ಟು ಅಂಟಂಟಾಗುತ್ತದೆ, ತಿನ್ನುವಾಗ ತರಿ ಹಲ್ಲಿಗೆ ಸಿಗಬೇಕು.

ಸೌತೆಕಾಯಿ ತುರಿಯುವ ಮೊದಲು ಎರಡೂ ತುದಿಯಿಂದ ಒಂದೊಂದು ಚೂರು ಬಾಯಿಗೆ ಹಾಕಿಕೊಂಡು ನೋಡಿ. ತೊಟ್ಟಿನ ಕಡೆ ಕಹಿ ಹೆಚ್ಚು. ಕಹಿಗೆ ಕಾರಣ ಕುಕುರ್ಬಿಟಾಸಿನ್ ಎಂಬ ಅಂಶ. ಅದು ಬೆಂದರೂ ಹೋಗುವುದಿಲ್ಲ, ಬೆಲ್ಲ ಸುರಿದರೂ ಅಡಗುವುದಿಲ್ಲ, ಮೇಲಾಗಿ ಹೊಟ್ಟೆ ಕೆಡಿಸುತ್ತದೆ. ಕಹಿ ಇದ್ದ ಕಾಯಿಯನ್ನು ಎಸೆಯುವುದೇ ಸರಿ. ಎಳೆಸೌತೆಯಲ್ಲೂ ಮಾಡಬಹುದು, ಪರಿಮಳ ಮಾತ್ರ ಕಡಿಮೆ.

ತುರಿಗೆ ಉಪ್ಪು ಬೆರೆಸಿ 10 ನಿಮಿಷ ಬಿಡಿ. ಆಮೇಲೆ ಕೈಯಿಂದ ಹಿಂಡಿದರೆ ಒಂದು ಲೋಟದಷ್ಟು ರಸ ಬರುತ್ತದೆ. ಅದನ್ನು ಚೆಲ್ಲಬೇಡಿ. ಬೆಲ್ಲ ಕರಗಿಸಲು ಬೇಕಾದ ನೀರೇ ಅದು. ರಸದಲ್ಲಿ ಬೆಲ್ಲದ ಪುಡಿ ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ, ಸೋಸಿ ಮರಳು, ಕಸ ತೆಗೆಯಿರಿ. ಪಾಕ ಬರಿಸುವ ಅಗತ್ಯವಿಲ್ಲ, ಕರಗಿದರೆ ಸಾಕು.

ಬಾಣಲೆಯಲ್ಲಿ 2 ಚಮಚ ತುಪ್ಪ ಬಿಸಿ ಮಾಡಿ, ಗೋಡಂಬಿ ಹುರಿದು ತೆಗೆದಿಡಿ. ಅದೇ ತುಪ್ಪಕ್ಕೆ ತರಿ ಹಾಕಿ 6–7 ನಿಮಿಷ ಹುರಿಯಿರಿ. ಬಣ್ಣ ಬದಲಾಗಬೇಕಿಲ್ಲ, ಘಮ ಬಂದು ತರಿ ಬಿಡಿಬಿಡಿಯಾದರೆ ಇಳಿಸಬಹುದು. ಹುರಿಯದೆ ಹಾಕಿದರೆ ಗಂಟು ಕಟ್ಟುತ್ತದೆ. ಈಗ ಬೆಲ್ಲದ ನೀರು ಮತ್ತು ಹಿಂಡಿದ ತುರಿಯನ್ನು ಬೇರೊಂದು ದಪ್ಪ ಪಾತ್ರೆಯಲ್ಲಿ ಕುದಿಸಿ, ಕಾಯಿತುರಿ ಸೇರಿಸಿ, ತರಿಯನ್ನು ಒಂದು ಕೈಯಲ್ಲಿ ಉದುರಿಸುತ್ತಾ ಇನ್ನೊಂದು ಕೈಯಲ್ಲಿ ತಿರುವಿ. ಸಣ್ಣ ಉರಿಯಲ್ಲಿ 5 ನಿಮಿಷ ಬೇಯಿಸಿ, ಉರಿ ಆರಿಸಿ, ಮುಚ್ಚಿ 20 ನಿಮಿಷ ಹಾಗೇ ಬಿಡಿ. ಅಕ್ಕಿ ತರಿ ನೀರು ಕುಡಿಯುವುದು ನಿಧಾನ. ಅವಸರ ಮಾಡಿದರೆ ಸುಟ್ಟ ಮೇಲೂ ಒಳಗೆ ಕರಕರ ಎನ್ನುತ್ತದೆ.

ಹದ ಈಗಲೇ ನೋಡಬೇಕು. ಒಂದು ಸೌಟು ಎತ್ತಿ ಬಗ್ಗಿಸಿದರೆ ಮಿಶ್ರಣ ಹರಿಯಬಾರದು, ದೊಪ್ಪೆಂದು ಒಂದೇ ಮುದ್ದೆಯಾಗಿ ಬೀಳಬೇಕು. ಬಿರುಕು ಬಿಟ್ಟು ಪುಡಿಪುಡಿಯಾಗಿ ಬಿದ್ದರೆ ಕಾಲು ಲೋಟ ತೆಂಗಿನ ಹಾಲು ಸೇರಿಸಿ. ನೀರಾಗಿದ್ದರೆ ಇನ್ನೆರಡು ನಿಮಿಷ ಒಲೆಯ ಮೇಲಿಟ್ಟು ಕೈಯಾಡಿಸಿ. ತೆಳುವಾಗಿದೆಯೆಂದು ಹಸಿ ತರಿ ಬೆರೆಸುವುದು ಬೇಡ. ಏಲಕ್ಕಿ ಪುಡಿ ಕೊನೆಯಲ್ಲಿ. ಬಣ್ಣಕ್ಕೆಂದು ಚಿಟಿಕೆ ಅರಿಸಿನ ಹಾಕುವ ರೂಢಿಯಿದೆ, ತೊಂದರೆಯಿಲ್ಲ. ಆದರೆ ಅರಿಸಿನದ ಜೊತೆ ಅಡುಗೆ ಸೋಡಾ ಜಾಸ್ತಿಯಾದರೆ ತವಸಳಿ ಕೆಂಪಾಗಿ ಕಾಣುತ್ತದೆ. ಸೋಡಾ ಇದಕ್ಕೆ ಬೇಕೂ ಇಲ್ಲ. ತವಸಳಿ ಉಬ್ಬುವ ತಿಂಡಿಯಲ್ಲ.

ಸುಡುವ ಪಾತ್ರೆಯ ತಳಕ್ಕೂ ಬದಿಗೂ ಒಂದು ಚಮಚ ತುಪ್ಪ ಧಾರಾಳವಾಗಿ ಸವರಿ, ತಳಕ್ಕೆ ಬಾಡಿಸಿದ ಬಾಳೆಲೆ ಹಾಸಿ. ಬೆಲ್ಲ ತಳ ಹಿಡಿಯುವುದು ಬೇಗ, ಎಲೆ ಅದನ್ನು ತಡೆಯುತ್ತದೆ. ಮಿಶ್ರಣವನ್ನು ಎರಡು ಬೆರಳು ದಪ್ಪಕ್ಕೆ ತಟ್ಟಿ, ಒದ್ದೆ ಕೈಯಿಂದ ಸಮ ಮಾಡಿ, ಗೋಡಂಬಿ ಒತ್ತಿ, ಉಳಿದ ತುಪ್ಪ ಮೇಲೆ ಸುರಿಯಿರಿ. ಇದಕ್ಕಿಂತ ದಪ್ಪಗಿದ್ದರೆ ನಡುಭಾಗ ಬೇಯುವಷ್ಟರಲ್ಲಿ ಅಂಚು ಕರಟಿಹೋಗುತ್ತದೆ.

ಓವನ್ ಇದ್ದರೆ ಕೆಲಸ ಸುಲಭ: ಮೊದಲೇ ಕಾಯಿಸಿದ ಓವನ್‌ನಲ್ಲಿ 180 ಡಿಗ್ರಿ ಸೆಲ್ಸಿಯಸ್‌ಗೆ 45ರಿಂದ 50 ನಿಮಿಷ. ಮೇಲ್ಭಾಗ ಇನ್ನೂ ಬಿಳಚಿಕೊಂಡಿದ್ದರೆ ಕೊನೆಯ 5 ನಿಮಿಷ ಮೇಲಿನ ಕಾಯಿಲ್ ಒಂದನ್ನೇ ಹಾಕಿ, ಅಲ್ಲಿಂದ ಕದಲಬೇಡಿ.

ಗ್ಯಾಸ್ ಒಲೆಯಲ್ಲಾದರೆ ಹಳೆಯ ಕಬ್ಬಿಣದ ಕಾವಲಿ ಕಾಯಿಸಿ, ಅದರ ಮೇಲೆ ಪಾತ್ರೆಯಿಟ್ಟು, ಬಿಗಿಯಾಗಿ ಮುಚ್ಚಿ ತೀರಾ ಸಣ್ಣ ಉರಿಯಲ್ಲಿ 40 ನಿಮಿಷ ಬಿಡಿ. ಮುಚ್ಚಳದ ಒಳಗೆ ಸೇರುವ ಹನಿ ತವಸಳಿಯ ಮೇಲೆ ಬಿದ್ದು ಮೈ ಪಿಚಪಿಚ ಆಗುತ್ತದೆ. ಆದ್ದರಿಂದ ಆಗಾಗ ಮುಚ್ಚಳ ತೆಗೆದು ಒರೆಸಿ. ಕೆಂಡವಿಲ್ಲದ ಮನೆಯಲ್ಲಿ ಮೇಲಿನ ಕಾವಿಗೆ ಉಪಾಯ ಮಗುಚಿ ಹಾಕುವುದು. ಬದಿ ಬಿಟ್ಟ ಮೇಲೆ ತಟ್ಟೆಗೆ ಬೋರಲು ಹಾಕಿ, ಬಾಳೆಲೆ ಬಿಡಿಸಿ, ಪಾತ್ರೆಗೆ ಮತ್ತೆ ತುಪ್ಪ ಸವರಿ, ಬೇಯದ ಬದಿ ಕೆಳಗೆ ಬರುವಂತೆ ಜಾರಿಸಿ, ಇನ್ನೂ 10–12 ನಿಮಿಷ ಮುಚ್ಚದೆ ಇಡಿ. ಒಡೆದುಹೋಗುವ ಭಯವಿದ್ದರೆ ಮಗುಚುವ ಮುನ್ನ ಕಾಲು ಗಂಟೆ ಆರಲು ಬಿಡಿ.

ಬೆಂದಿದೆಯೇ ಎಂದು ಚಾಕು ಚುಚ್ಚಿ ನೋಡುವಾಗ ಕೇಕಿನ ಲೆಕ್ಕ ಹಾಕಬೇಡಿ. ಚಾಕುವಿಗೆ ಸ್ವಲ್ಪ ಅಂಟು ಹತ್ತಿದರೆ ಪರವಾಗಿಲ್ಲ, ಹಸಿ ಹಿಟ್ಟಿನಂಥದ್ದು ಬರಬಾರದು. ಬಿಸಿಯಲ್ಲೇ ಕತ್ತರಿಸಿದರೆ ಹಲ್ವದಂತೆ ಚಾಕುವಿಗೆ ಮೆತ್ತಿಕೊಳ್ಳುತ್ತದೆ. ಅಕ್ಕಿಯ ಪಿಷ್ಟ ಆರುತ್ತಾ ಬಂದಂತೆ ಗಟ್ಟಿಯಾಗುವುದರಿಂದ ಕನಿಷ್ಠ 3 ಗಂಟೆ ಕಾಯಬೇಕು. ರಾತ್ರಿ ಸುಟ್ಟು ಬೆಳಿಗ್ಗೆ ಕತ್ತರಿಸುವುದು ಇನ್ನೂ ಒಳ್ಳೆಯದು. ತೆಂಗಿನಕಾಯಿ ಇರುವುದರಿಂದ ಹೊರಗಿಟ್ಟರೆ ಒಂದೇ ದಿನ ಬಾಳಿಕೆ, ಫ್ರಿಜ್‌ನಲ್ಲಿ ಮೂರು ದಿನ. ಫ್ರಿಜ್‌ನಿಂದ ತೆಗೆದ ತುಂಡು ಗಟ್ಟಿಯಾಗಿರುತ್ತದೆ. ಕಾವಲಿಗೆ ತುಪ್ಪ ಹಾಕಿ ಎರಡೂ ಬದಿ ಬಿಸಿ ಮಾಡಿದರೆ ಮತ್ತೆ ಮೆತ್ತಗಾಗಿ ಅಂಚು ಗರಿಯಾಗುತ್ತದೆ.