ಕಲ್ಲು ಹೊತ್ತು ಬಂದ ಹಳ್ಳ: ಬಾದಾಮಿ ಗುಡ್ಡದ ಕೆಳಗೆ ನನ್ನ ಅನುಭವ

2009ರ ಸೆಪ್ಟೆಂಬರ್ ಕೊನೆಯಿಂದ ಹಿಡಿದು ಅಕ್ಟೋಬರ್ ಮೊದಲ ದಿನಗಳವರೆಗೆ ಉತ್ತರ ಕರ್ನಾಟಕದ ಮೇಲೆ ಸುರಿದ ಮಳೆಯನ್ನು ನಮ್ಮ ಕಡೆಯ ಯಾರೂ ಮರೆತಿಲ್ಲ. ಮಲಪ್ರಭೆಯ ದಡದ ಊರುಗಳು ಮುಳುಗಿದ್ದು, ಮನೆಗಳ ಮಣ್ಣಿನ ಗೋಡೆಗಳು ಸಾಲುಸಾಲಾಗಿ ಕುಸಿದಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ನಾನು ಹೇಳಹೊರಟಿರುವುದು ಹೊಳೆಯ ಮಾತಲ್ಲ. ಬಾದಾಮಿ ತಾಲ್ಲೂಕಿನ ಒಂದು ಗುಡ್ಡದಿಂದ ಇಳಿದು, ವರ್ಷದ ಹನ್ನೊಂದು ತಿಂಗಳು ಒಣಗಿಯೇ ಇರುವ ಒಂದು ಸಣ್ಣ ಹಳ್ಳದ ಮಾತು. ಆ ಹಳ್ಳಕ್ಕೆ ಅಡ್ಡಲಾಗಿ ಹಾಯುವ ಊರ ರಸ್ತೆಗೆ ಎರಡು ಪೈಪಿನ ಮೋರಿಯ ನಕ್ಷೆ ಮಾಡಿಕೊಟ್ಟವನು ನಾನೇ. ಆ ಮೋರಿ ಕಟ್ಟಿ ನಾಲ್ಕು ವರ್ಷವಾಗಿತ್ತು.

ಮಳೆ ನಿಂತ ಎರಡನೆಯ ದಿನ ನಾನು ಅಲ್ಲಿಗೆ ಹೋದಾಗ ಮೋರಿ ಇದ್ದ ಜಾಗದಲ್ಲಿ ಸುಮಾರು ಆರು ಮೀಟರ್ ಅಗಲದ ಕಂದಕವಿತ್ತು. ಒಂದು ಪೈಪು ನೂರು ಹೆಜ್ಜೆ ಕೆಳಗೆ ಉಸುಕಿನಲ್ಲಿ ಅರ್ಧ ಹೂತು ನಿಂತಿತ್ತು. ಇನ್ನೊಂದು ಪೈಪಿನ ಬಾಯಿಯಲ್ಲಿ ಬೇರುಸಮೇತ ಬಂದ ಜಾಲಿಯ ಗಿಡ ಸಿಕ್ಕಿಕೊಂಡಿತ್ತು. ಅದರ ಮುಳ್ಳಿಗೆ ಜೋಳದ ಕಣಿಕೆ, ಕಣಿಕೆಗೆ ಕೆಸರು, ಕೆಸರಿಗೆ ಕಲ್ಲು ಸೇರಿ ಒಳಗೆ ಬೆರಳು ತೂರಲೂ ಸಂದಿ ಇರಲಿಲ್ಲ. ಕೆಳಗಿನ ಹೊಲದಲ್ಲಿ ಎರಡು ಎಕರೆಯಷ್ಟು ಮಸಾರಿ ಮಣ್ಣು ಕೊಚ್ಚಿಹೋಗಿ ಅಡಿಯ ಬಂಡೆ ಬಯಲಾಗಿತ್ತು. ಆ ಹೊಲದ ಒಡತಿ ಒಬ್ಬ ವಯಸ್ಸಾದ ತಾಯಿ. ಅವರು ನನ್ನನ್ನು ಬೈಯಲಿಲ್ಲ. ‘ಸಾಹೇಬ್ರ, ಹಳ್ಳ ಬಂದಾಗ ನೀರಿನ ಸಪ್ಪಳ ಅಲ್ರಿ, ಕಲ್ಲಿನ ಸಪ್ಪಳ ಕೇಳ್ತಿತ್ರಿ. ಆಮ್ಯಾಲ ಒಮ್ಮೆ ಧಡ್ ಅಂತು, ಹೊಲ ಹೋತು’ ಎಂದರು. ಈ ಎರಡು ಮಾತಿನಲ್ಲಿ ನಡೆದದ್ದೆಲ್ಲ ಇದೆ ಎಂಬುದು ನನಗೆ ತಿಳಿದದ್ದು ವಾರದ ಮೇಲೆ.

ಹಳ್ಳ ಎಷ್ಟು ಬಂದಿತ್ತು ಎಂಬುದನ್ನು ಮೊದಲು ತಿಳಿಯಬೇಕಿತ್ತು. ಇಂಥ ಹಳ್ಳಗಳಿಗೆ ಅಳತೆಗೋಲು ಇರುವುದಿಲ್ಲ, ಬಂದಾಗ ಎದುರು ನಿಂತು ಅಳೆಯುವವರೂ ಇರುವುದಿಲ್ಲ. ಆದರೆ ಹೋಗುವಾಗ ಹಳ್ಳ ತನ್ನ ಗುರುತು ಬಿಟ್ಟು ಹೋಗುತ್ತದೆ, ಮತ್ತು ಆ ಗುರುತು ಒಂದು ವಾರಕ್ಕಿಂತ ಹೆಚ್ಚು ಕಾಲ ನಿಲ್ಲುವುದಿಲ್ಲ. ಆದ್ದರಿಂದ ಮರುದಿನ ಬೆಳಿಗ್ಗೆಯೇ ನೆಲದ ಮಟ್ಟ ಅಳೆಯುವ ಡಂಪಿ ಲೆವೆಲ್, ಅದರ ಜೊತೆಯ ಅಳತೆಯ ಕೋಲಾದ ಸ್ಟಾಫ್, ಟೇಪು ಹಿಡಿದು ಇಬ್ಬರು ಹುಡುಗರೊಂದಿಗೆ ಹೋದೆ. ಮೋರಿಯ ಹತ್ತಿರ ಅಳೆದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಅಲ್ಲಿ ನೀರು ಕಟ್ಟಿಕೊಂಡು ನಿಂತಿರುತ್ತದೆ. ಮೋರಿಯಿಂದ ಸಾಕಷ್ಟು ಮೇಲೆ, ಹಳ್ಳ ನೇರವಾಗಿ ಹರಿಯುವ 90 ಮೀಟರ್ ಉದ್ದದ ಭಾಗವನ್ನು ಆರಿಸಿಕೊಂಡು, ಎರಡೂ ದಡದಲ್ಲಿ ಕಸದ ಗೆರೆಯನ್ನು ಹುಡುಕಿದೆವು. ಒಣಹುಲ್ಲು, ಕಣಿಕೆಯ ಚೂರು, ಕುರಿಹಿಕ್ಕೆ ನೀರಿನ ಅಂಚಿಗೆ ತೇಲಿ ಬಂದು, ನೀರು ಇಳಿದಾಗ ಅಲ್ಲಿಯೇ ಕೂತಿರುತ್ತವೆ. ಗಿಡದ ಟೊಂಗೆಯಲ್ಲಿ ಸಿಕ್ಕ ಕಸವನ್ನು ಮಾತ್ರ ನಂಬಬಾರದು: ಹರಿವಿನಲ್ಲಿ ಬಾಗಿದ ಟೊಂಗೆ ಆಮೇಲೆ ಎದ್ದು ನಿಂತಾಗ ಕಸವನ್ನೂ ಮೇಲೆ ಎತ್ತಿಕೊಂಡಿರುತ್ತದೆ. ಗುರುತು ಸಿಕ್ಕಲ್ಲೆಲ್ಲ ಸುಣ್ಣದ ಚುಕ್ಕೆ ಇಟ್ಟು ಲೆವೆಲ್ ತೆಗೆದೆವು. ಮೂರು ಕಡೆ ಹಳ್ಳದ ಅಡ್ಡ ಅಳತೆ ತೆಗೆದುಕೊಂಡೆವು.

ಸರಾಸರಿ ಅಗಲ 14 ಮೀಟರ್, ನೀರು ಹರಿದ ಅಡ್ಡ ವಿಸ್ತೀರ್ಣ 29 ಚದರ ಮೀಟರ್, ನೀರು ತಾಗಿದ ತಳ ಮತ್ತು ದಡದ ಸುತ್ತಳತೆ 17 ಮೀಟರ್, ಗುರುತುಗಳ ಇಳಿಜಾರು ನೂರಕ್ಕೆ ಒಂದು. ಕಲ್ಲು-ಗಿಡ ತುಂಬಿದ ಹಳ್ಳವೆಂದು ಒರಟುತನದ ಅಂಕಿಯನ್ನು 0.045 ಎಂದು ಹಿಡಿದು, ಹರಿವಿನ ಅಳತೆ, ಇಳಿಜಾರು, ಒರಟುತನಗಳಿಂದ ನೀರಿನ ವೇಗ ಹೇಳುವ ಮ್ಯಾನಿಂಗ್ ಸೂತ್ರಕ್ಕೆ ಹಾಕಿದಾಗ ವೇಗ ಸೆಕೆಂಡಿಗೆ 3.2 ಮೀಟರಿನ ಹತ್ತಿರ ಬಂತು, ಹರಿವು ಸೆಕೆಂಡಿಗೆ 92 ಘನ ಮೀಟರ್, ಅಂದರೆ ನಮ್ಮ ರೈತರ ಲೆಕ್ಕದಲ್ಲಿ ಸುಮಾರು 3,250 ಕ್ಯೂಸೆಕ್. ನಾನು ಹಾಕಿಸಿದ್ದ ಒಂದು ಮೀಟರ್ ವ್ಯಾಸದ ಎರಡು ಪೈಪುಗಳು, ಬಾಯಿ ಸ್ವಚ್ಛವಾಗಿದ್ದು ನೀರು ಎಷ್ಟು ಒತ್ತಿ ಹರಿದರೂ, 6–7 ಘನ ಮೀಟರಿಗಿಂತ ಹೆಚ್ಚು ಬಿಡುತ್ತಿರಲಿಲ್ಲ. ಆ ಅಂಕಿಯನ್ನು ಪುಸ್ತಕದಲ್ಲಿ ಬರೆದು ಬಹಳ ಹೊತ್ತು ಅದನ್ನೇ ನೋಡುತ್ತ ಕೂತಿದ್ದೆ. ಹಿಂದೆ ನಕ್ಷೆ ಮಾಡುವಾಗ ನಾನು ಹಳ್ಳವನ್ನು ಮೇಲಿನವರೆಗೆ ನಡೆದು ನೋಡಿರಲಿಲ್ಲ. ಪಕ್ಕದ ಊರಿನ ಮೋರಿಯ ಅಂದಾಜುಪಟ್ಟಿಯನ್ನೇ ತಂದು ಹೆಸರು ಬದಲಿಸಿದ್ದೆ.

ಲೆಕ್ಕ ನಿಜವೇ ಎಂದು ಬೇರೆ ದಾರಿಯಿಂದಲೂ ನೋಡಬೇಕೆನಿಸಿತು. ಹಳ್ಳದ ಪಾತ್ರದೊಳಗೇ ಒಂದು ದಪ್ಪ ಬೇವಿನ ಮರ ಬೆಳೆದಿತ್ತು, ಅಂಥ ಹರಿವಿನಲ್ಲಿಯೂ ಉಳಿದಿತ್ತು. ಅದರ ಬೊಡ್ಡೆಯ ಮೇಲ್ಮಗ್ಗುಲಲ್ಲಿ ಕೆಸರಿನ ಗೆರೆ ಎತ್ತರದಲ್ಲಿತ್ತು, ಬೆನ್ನ ಮಗ್ಗುಲಲ್ಲಿ ತಗ್ಗಿನಲ್ಲಿತ್ತು. ಓಡಿ ಬಂದ ನೀರು ಎದುರಿಗೆ ಗಟ್ಟಿ ವಸ್ತು ಸಿಕ್ಕಾಗ ತನ್ನ ವೇಗವನ್ನೇ ಎತ್ತರವಾಗಿ ಬದಲಿಸಿಕೊಂಡು ಅದರ ಮೈಮೇಲೆ ಏರುತ್ತದೆ. ಏರಿದ ಎತ್ತರ ಗೊತ್ತಾದರೆ ವೇಗವೂ ಗೊತ್ತಾಗುತ್ತದೆ. ಎರಡು ಗೆರೆಗಳ ನಡುವೆ 48 ಸೆಂಟಿಮೀಟರ್ ಇತ್ತು. ಅದರಿಂದ ಬಂದ ವೇಗ ಸೆಕೆಂಡಿಗೆ 3.1 ಮೀಟರ್. ಒಂದು ಮರದ ಬೊಡ್ಡೆಯೂ ಒಂದು ಸೂತ್ರವೂ ಬೇರೆಬೇರೆಯಾಗಿ ಒಂದೇ ಮಾತು ಹೇಳಿದಾಗ ಆದ ಸಮಾಧಾನ ಇಂದಿಗೂ ನೆನಪಿದೆ. ಆಮೇಲೆ ಸರ್ವೆ ಆಫ್ ಇಂಡಿಯಾದ ನಕ್ಷೆಯ ಮೇಲೆ ಚೌಕ ಎಣಿಸಿ ಜಲಾನಯನ 9 ಚದರ ಕಿಲೋಮೀಟರ್ ಎಂದು ಗೊತ್ತು ಮಾಡಿದೆ. ತುದಿಯಿಂದ ರಸ್ತೆಯವರೆಗೆ ನೀರು ಬರಲು ಸುಮಾರು ಒಂದು ಗಂಟೆ ಸಾಕು. ಮರಳುಗಲ್ಲಿನ ಬರಿಯ ಗುಡ್ಡ ಮಳೆಯ ನೂರರಲ್ಲಿ ಅರವತ್ತು ಭಾಗವನ್ನು ಹರಿಯಬಿಡುತ್ತದೆ ಎಂದು ಹಿಡಿದರೆ, ಆ ಒಂದು ಗಂಟೆಯಲ್ಲಿ 60 ಮಿಲಿಮೀಟರ್ ಮಳೆ ಬಿದ್ದಿದ್ದರೆ ಇಷ್ಟು ನೀರು ಸೇರುತ್ತದೆ. ಆ ರಾತ್ರಿಯ ಮಳೆಗೆ ಅದು ಹೆಚ್ಚಿನ ಮಾತಲ್ಲ.

ಕಲ್ಲುಗಳನ್ನೂ ಅಳೆದೆವು. ಹೊಸದಾಗಿ ಉರುಳಿ ಬಂದ ಕಲ್ಲಿನ ಕೆಳಗೆ ಹಸಿ ಹುಲ್ಲು ನಲುಗಿರುತ್ತದೆ, ಮೂಲೆಗಳಲ್ಲಿ ಜಜ್ಜಿದ ಬಿಳಿ ಗಾಯಗಳಿರುತ್ತವೆ. ಮೊದಲಿನಿಂದ ಇದ್ದ ಕಲ್ಲಿನ ನೆತ್ತಿ ಬಿಸಿಲಿಗೆ ಕಪ್ಪಾಗಿರುತ್ತದೆ. ನಮಗೆ ಸಿಕ್ಕ ದೊಡ್ಡ ಹೊಸ ಕಲ್ಲುಗಳು ಅರ್ಧ ಮೀಟರ್ ಗಾತ್ರದವು, ಒಂದೊಂದೂ ಒಂದೂವರೆ ಕ್ವಿಂಟಲ್ ತೂಗುವಂಥವು. ನೀರಿನೊಳಗೆ ಕಲ್ಲಿನ ತೂಕ ಸುಮಾರು ಐದರಲ್ಲಿ ಎರಡು ಪಾಲು ಇಳಿಯುತ್ತದೆ, ಆದ್ದರಿಂದಲೇ ಅಷ್ಟು ದೊಡ್ಡದು ಉರುಳಲು ಸಾಧ್ಯವಾಗುತ್ತದೆ. ವೇಗ ಎರಡು ಪಟ್ಟಾದರೆ ನೀರಿನ ತಳ್ಳು ನಾಲ್ಕು ಪಟ್ಟಾಗುತ್ತದೆ. ಅದು ಉರುಳಿಸಬಲ್ಲ ಕಲ್ಲಿನ ತೂಕವೋ ಅರವತ್ನಾಲ್ಕು ಪಟ್ಟಾಗುತ್ತದೆ. ಸೇತುವೆಗಳಿಗಾಗಿ ಭಾರತೀಯ ರಸ್ತೆ ಕಾಂಗ್ರೆಸ್ ಕೊಟ್ಟಿರುವ ಸೂತ್ರದಂತೆ, ಸೆಕೆಂಡಿಗೆ 3 ಮೀಟರ್ ವೇಗದ ಬರಿಯ ನೀರು ಚೌಕ ಮುಖದ ಕಂಬದ ಮೇಲೆ ಚದರ ಮೀಟರಿಗೆ ಸುಮಾರು 700 ಕಿಲೋ ಭಾರ ಹೇರುತ್ತದೆ, 6 ಮೀಟರ್ ವೇಗದ್ದಾದರೆ 2,800 ಕಿಲೋ. ಇದರಲ್ಲಿ ಕಲ್ಲಿನ ಹೊಡೆತ ಸೇರಿಲ್ಲ.

ಆದರೂ ಹೊಲ ಹೋದದ್ದು 92 ಘನ ಮೀಟರಿನಿಂದಲ್ಲ. ಅಷ್ಟು ನೀರು ತನ್ನ ಪಾತ್ರದಲ್ಲಿ ಹರಿದಿದ್ದರೆ ದಡ ಸವೆಯುತ್ತಿತ್ತು, ಒಂದೆರಡು ಒಡ್ಡು ಒಡೆಯುತ್ತಿದ್ದವು, ಅಷ್ಟೇ. ಜಾಲಿಯ ಗಿಡ ಪೈಪಿನ ಬಾಯಿಗೆ ಸಿಕ್ಕ ಕ್ಷಣದಿಂದ ನನ್ನ ಮೋರಿ ಮೋರಿಯಾಗಿ ಉಳಿಯಲಿಲ್ಲ, ಕಟ್ಟೆಯಾಯಿತು. ಮೂರು ಮೀಟರ್ ಎತ್ತರದ ರಸ್ತೆಯ ಏರಿಯ ಹಿಂದೆ ನೀರು ನಿಂತಿತು, ಏರಿಯ ಮೇಲೆ ಹರಿಯಿತು, ಹಿಂಬದಿಯ ಮಣ್ಣು ಕೊರೆದು ಏರಿ ಒಮ್ಮೆಲೇ ಬಾಯಿಬಿಟ್ಟಿತು. ಆ ತಾಯಿ ಕೇಳಿದ ‘ಧಡ್’ ಅದು. ಕೂಡಿಟ್ಟ ನೀರೆಲ್ಲ ಏರಿಯ ಮಣ್ಣು-ಖಡಿಯನ್ನು ಹೊತ್ತು ಒಂದೇ ಗೋಡೆಯಾಗಿ ಹೊಲಕ್ಕೆ ನುಗ್ಗಿತ್ತು. ದಿಢೀರ್ ಪ್ರವಾಹದ ಹಾನಿಯಲ್ಲಿ ಮಳೆಯ ಪಾಲು ಎಷ್ಟು, ನಾವು ಅಡ್ಡ ಕಟ್ಟಿದ್ದರ ಪಾಲು ಎಷ್ಟು ಎಂದು ಅಂದಿನಿಂದ ಪ್ರತಿ ಸಲವೂ ಬೇರ್ಪಡಿಸಿ ನೋಡುತ್ತೇನೆ.

ಇಲ್ಲಿ ಒಂದು ವ್ಯತ್ಯಾಸವನ್ನು ಹೇಳಲೇಬೇಕು, ಏಕೆಂದರೆ ಪತ್ರಿಕೆಗಳಲ್ಲಿ ಕಲ್ಲು ಉರುಳಿಸುವ ಹಳ್ಳದ ನೀರನ್ನೂ ಗುಡ್ಡ ಕುಸಿದು ಹರಿಯುವ ಕೆಸರನ್ನೂ ಒಂದೇ ಹೆಸರಿನಿಂದ ಕರೆಯುತ್ತಾರೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದ ಮೇಲೆ ರಸ್ತೆ ಹಾನಿಯ ಅಂದಾಜಿಗೆ ಹೋದವರೊಡನೆ ನಾನೂ ಹೋಗಿದ್ದೆ. ಜೋಡುಪಾಲದ ಬಳಿ ಕಂಡ ರಾಶಿಯಲ್ಲಿ ಮನೆಯಷ್ಟು ದೊಡ್ಡ ಬಂಡೆ, ಮುಷ್ಟಿಯಷ್ಟು ಕಲ್ಲು, ನುಣ್ಣನೆಯ ಕೆಸರು, ಸೀಳಿದ ಮರ ಎಲ್ಲವೂ ಒಂದರೊಳಗೊಂದು ಕಲಸಿಹೋಗಿದ್ದವು. ನಮ್ಮ ಹಳ್ಳದಲ್ಲಿ ಹಾಗಿರಲಿಲ್ಲ. ಇಲ್ಲಿ ಹಳ್ಳದ ಹಾದಿಯಲ್ಲಿ ದೊಡ್ಡ ಕಲ್ಲು ಮೇಲ್ಭಾಗಕ್ಕೆ, ಸಣ್ಣದು ಕೆಳಭಾಗಕ್ಕೆ, ಉಸುಕು ಇನ್ನೂ ಕೆಳಕ್ಕೆ ಎಂದು ನೀರು ವಿಂಗಡಿಸಿಟ್ಟಿತ್ತು, ಚಪ್ಪಟೆ ಕಲ್ಲುಗಳು ಹಂಚು ಹೊದಿಸಿದಂತೆ ಒಂದಕ್ಕೊಂದು ಒರಗಿ ಮಲಗಿದ್ದವು. ವಿಂಗಡವಾಗಿದ್ದರೆ ನೀರು ಕಲ್ಲನ್ನು ಉರುಳಿಸಿದೆ ಎಂದು ಅರ್ಥ. ಕಲಸಿದ್ದರೆ ಕಲ್ಲು, ಕೆಸರು, ನೀರು ಮೂರೂ ಸೇರಿ ಒಂದೇ ಮುದ್ದೆಯಾಗಿ ಹರಿದಿವೆ ಎಂದು ಅರ್ಥ. ಅದೇ ಡೆಬ್ರಿಸ್ ಫ್ಲೋ. ಆ ಮುದ್ದೆಯ ಸಾಂದ್ರತೆ ನೀರಿನ ಎರಡು ಪಟ್ಟಿನ ಹತ್ತಿರ ಇರುತ್ತದೆ, ಆದ್ದರಿಂದ ದೊಡ್ಡ ಬಂಡೆಗಳು ಅದರಲ್ಲಿ ಮುಳುಗದೆ ಮುಂಚೂಣಿಗೆ ಬಂದು ಕೂಡುತ್ತವೆ, ಮೊದಲ ಹೊಡೆತ ಅವುಗಳದ್ದೇ. ವಯನಾಡಿನಲ್ಲಿ 2024ರ ಜುಲೈ 30ರಂದು ಹೀಗೆಯೇ ಆಯಿತು: ಸುಮಾರು 1,550 ಮೀಟರ್ ಎತ್ತರದಲ್ಲಿ ಕುಸಿದದ್ದು ತೊರೆಯ ಪಾತ್ರ ಹಿಡಿದು ಹಾದಿಯ ಮಣ್ಣು-ಮರಗಳನ್ನೆಲ್ಲ ಸೇರಿಸಿಕೊಳ್ಳುತ್ತ ಸುಮಾರು 8 ಕಿಲೋಮೀಟರ್ ಓಡಿತು. ಅಂಥ ಹರಿವಿಗೆ ನಾನು ಮೇಲೆ ಹೇಳಿದ ಲೆಕ್ಕ ಸಲ್ಲುವುದಿಲ್ಲ. ಬಾದಾಮಿಯ ಗುಡ್ಡಗಳ ಮೇಲೆ ಮಣ್ಣಿನ ಹೊದಿಕೆ ತೆಳುವಾದ್ದರಿಂದ ಇಲ್ಲಿ ಅದರ ಭಯ ಕಡಿಮೆ. ದಟ್ಟ ಮಣ್ಣೂ ಮಳೆಯೂ ಇರುವ ಖಾನಾಪುರದಾಚೆಯ ಘಟ್ಟಕ್ಕೆ ಈ ಮಾತು ಅನ್ವಯಿಸುವುದಿಲ್ಲ.

ಮೋರಿಯ ಜಾಗದಲ್ಲಿ ಏನು ಕಟ್ಟಬೇಕು ಎಂಬ ಪ್ರಶ್ನೆಗೆ ಮೇಲಿನ ಕಚೇರಿಯಿಂದ ಬಂದ ಮೊದಲ ಸೂಚನೆ ಎರಡರ ಬದಲು ನಾಲ್ಕು ಪೈಪು ಹಾಕಿ ಎಂಬುದಾಗಿತ್ತು. ಪೈಪು ನಾಲ್ಕಾದರೂ ಜಾಲಿಯ ಗಿಡಕ್ಕೆ ಬಾಯಿ ಒಂದೇ ಮೀಟರಿನದು. ದೊಡ್ಡ ಸೇತುವೆಗೆ ಹಣವಿರಲಿಲ್ಲ. ನಾನು ಕೇಳಿದ್ದು ಏರಿಯನ್ನೇ ತೆಗೆದುಹಾಕಿ, ರಸ್ತೆಯನ್ನು ಹಳ್ಳದ ತಳಮಟ್ಟಕ್ಕೆ ಇಳಿಸಿ, 30 ಮೀಟರ್ ಉದ್ದ ಕಾಂಕ್ರೀಟ್ ಹಾಸು ಹಾಕಬೇಕೆಂದು, ಕಲ್ಲು-ಮರ-ನೀರು ಏನು ಬಂದರೂ ಅದರ ಮೇಲೆ ದಾಟಿಹೋಗುವಂತೆ. ಗ್ರಾಮಸಭೆಯಲ್ಲಿ ಇದಕ್ಕೆ ಬಹಳ ವಿರೋಧ ಬಂತು. ಹಳ್ಳ ಬಂದಾಗ ರಸ್ತೆ ಬಂದ್ ಆಗುತ್ತದೆ, ಬಸುರಿ ಹೆಣ್ಣುಮಗಳನ್ನು ದವಾಖಾನೆಗೆ ಹೇಗೆ ಒಯ್ಯುವುದು ಎಂದು ಕೇಳಿದರು. ಕೇಳುವಂಥ ಪ್ರಶ್ನೆಯೇ ಅದು. ಇಂಥ ಹಳ್ಳ ಎರಡು-ಮೂರು ತಾಸಿನಲ್ಲಿ ಇಳಿಯುತ್ತದೆ, ಏರಿ ಒಡೆದಾಗ ಮಾತ್ರ ಐದು ತಿಂಗಳು ರಸ್ತೆ ಇರಲಿಲ್ಲ ಎಂದು ನಾನು ದಿನಗಳನ್ನು ಎಣಿಸಿ ತೋರಿಸಿದೆ. ಗುಡ್ಡದ ಬದಿಯ ಹಳೆಯ ಬಂಡಿದಾರಿಯನ್ನು ಖಡಿ ಹಾಕಿ ಸರಿಪಡಿಸಿಕೊಟ್ಟ ಮೇಲೆಯೇ ಒಪ್ಪಿದರು.

ಕಟ್ಟುವಾಗ ನಾನು ಪಟ್ಟು ಹಿಡಿದದ್ದು ಕೆಳಬದಿಯ ತಡೆಗೋಡೆಗೆ. ನೀರು ಹಾಸಿನಿಂದ ಕೆಳಗೆ ಬೀಳುವಲ್ಲಿ ಮಣ್ಣನ್ನು ಅಗೆಯುತ್ತದೆ, ಅಗೆದ ಗುಂಡಿ ಹಿಂದಕ್ಕೆ ಸರಿಯುತ್ತ ಹಾಸಿನ ಬುಡ ಸೇರುತ್ತದೆ. ಅಲ್ಲಿ ಎರಡು ಮೀಟರ್ ಆಳದ ಗೋಡೆ ಇಳಿಸಿ, ಮುಂದೆ ತಂತಿಜಾಳಿಗೆಯಲ್ಲಿ ಕಲ್ಲು ತುಂಬಿ ಹಾಸಿಸಿದೆ. ಎರಡೂ ಅಂಚಿಗೆ ಕಂಬ ನೆಟ್ಟು ಮೊಣಕಾಲ ಮಟ್ಟಕ್ಕೆ ಕೆಂಪು ಪಟ್ಟಿ ಬಳಿಸಿದೆ. ಹರಿಯುವ ನೀರು ಮೊಣಕಾಲಿಗಿಂತ ತಗ್ಗಿದ್ದಾಗಲೇ ಮನುಷ್ಯನ ಕಾಲು ಕೀಳುತ್ತದೆ, ಎರಡು ಅಡಿ ಆಳವಿದ್ದರೆ ಜೀಪು ತೇಲಿಹೋಗುತ್ತದೆ. ಟ್ರ್ಯಾಕ್ಟರಿನವರು ಇದನ್ನು ನಂಬುವುದಿಲ್ಲ, ಹೇಳುತ್ತಲೇ ಇರಬೇಕು. ಮೇಲಿನ ಕೊರಕಲುಗಳಲ್ಲಿ ಮಂಡಿಯೆತ್ತರದ ಒಣಕಲ್ಲಿನ ಒಡ್ಡುಗಳನ್ನು ಹಾಕಿಸಿದೆವು. ಎತ್ತರದ ಒಡ್ಡು ಬೇಡವೆಂದದ್ದು ಬೇಕೆಂದೇ: ಒಂದು ಒಡೆದರೆ ಅದರ ನೀರು ಕೆಳಗಿನದನ್ನು, ಅದು ಮತ್ತೊಂದನ್ನು ಒಡೆಯುತ್ತ ಬರುತ್ತದೆ.

2019ರ ಆಗಸ್ಟಿನಲ್ಲಿ ಪಟ್ಟದಕಲ್ಲಿನ ಗುಡಿಗಳಿಗೆ ಮಲಪ್ರಭೆ ನುಗ್ಗಿದಾಗ ಅನೇಕರು ನಮ್ಮ ಹಾಸಿನ ಬಗ್ಗೆ ವಿಚಾರಿಸಿದರು. ಆ ನೀರು ಘಟ್ಟದ ಮೇಲೆ ಬಿದ್ದ ಮಳೆಯದು, ನವಿಲುತೀರ್ಥದ ಅಣೆಕಟ್ಟು ದಾಟಿ ಬಂದದ್ದು. ನಮ್ಮ ಹಳ್ಳಕ್ಕೆ ಅದರ ಸಂಬಂಧವಿರಲಿಲ್ಲ. ಹೊಳೆಯ ನೀರು ಬರುವುದು ಹಿಂದಿನ ದಿನವೇ ತಿಳಿಯುತ್ತದೆ, ಹಳ್ಳ ಬರುವುದು ಗುಡ್ಡದ ಮೇಲೆ ಮೋಡ ಕಪ್ಪಾದ ಒಂದು ಗಂಟೆಗೆ. ಹಾಸಿನ ನಿಜವಾದ ಪರೀಕ್ಷೆ ಬೇರೊಂದು ವರ್ಷದ ಹಿಂಗಾರಿಯಲ್ಲಿ ನಡೆಯಿತು. ಬೇವಿನ ಮರದ ಮೇಲಿನ ಕೆಸರಿನ ಗೆರೆ 2009ರದ್ದಕ್ಕಿಂತ ಒಂದು ಗೇಣು ಕೆಳಗಿತ್ತು. ಹಾಸಿನ ಮೇಲೆ ಕಲ್ಲುಗಳು ಉಜ್ಜಿದ ಗೀರುಗಳಿದ್ದವು, ಜಾಳಿಗೆಯ ಎರಡು ಕಡೆ ತಂತಿ ಹರಿದಿತ್ತು, ಅವನ್ನು ಹೊಲಿಸಿದೆವು. ಒಂದು ಜಾಲಿಯ ಗಿಡ ಹಾಸನ್ನು ದಾಟಿ ಇನ್ನೂರು ಹೆಜ್ಜೆ ಕೆಳಗೆ ಉಸುಕಿನಲ್ಲಿ ಬಿದ್ದಿತ್ತು.

ಆ ತಾಯಿಯ ಹೊಲಕ್ಕೆ ಮೂರು ಬೇಸಿಗೆ ಕೆರೆಯ ಹೂಳು ಹೊತ್ತು ಹಾಕಿದರು. ಈಗ ಅಲ್ಲಿ ಗೇಣುದ್ದ ಮಣ್ಣು ನಿಂತಿದೆ, ಜೋಳಕ್ಕೆ ಸಾಲದು, ಹುರುಳಿ ಬಿತ್ತುತ್ತಾರೆ. ಮಳೆಗಾಲದ ಮೊದಲು ನಾನು ಹಾಸು ನೋಡಲು ಹೋದಾಗಲೆಲ್ಲ ಅವರ ಮಗ ಕುಂಟೆಯನ್ನು ಎತ್ತಿ ಹಿಡಿದು, ಬಂಡೆಗೆ ತಾಗಿ ಮೊಂಡಾದ ಅದರ ಕುಡವನ್ನು ತೋರಿಸುತ್ತಾನೆ.